ಕಪ್ಪು ಬಿಳುಪಿನ ಮಾವ

ತಿ. ನರಸೀಪುರದ ಬಸ್ ಸ್ಟ್ಯಾಂಡಿನಿಂದ ಹೊಳೆ ಕಡೆಗೆ ಹೋಗುವ ರಸ್ತೆಯಲ್ಲಿ ಅರ್ಪಿತ ಡಿಜಿಟಲ್ ಸ್ಟುಡಿಯೊ ಇದೆ. ಅದರ ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ಸ್ಟುಡಿಯೊ ಮಾಲೀಕ ರುದ್ರೇಶ ಈ ಸುತ್ತಿನ ಮದುವೆಗಳನ್ನೆಲ್ಲ ವಿಡಿಯೊ ಮಾಡಿದವನು. ಮದುವೆ ಹೆಣ್ಣಿನ ಮುಖ ತಾವರೆ ಹೂವಿನೊಳಗಿಂದ ಅರಳಿ ಬರುವಂತೆ, ಗಂಡು ಮೋಡದ ಮೇಲೆ ನಡೆದು ಬರುವಂತೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಇಂಥ ಮನುಷ್ಯ ಒಂದು ಬೆಳಗ್ಗೆ ನನ್ನ ಅಂಗಡಿ ಕಟ್ಟೆಗೆ ಒರಗಿ ನಿಂತು, "ಅಮೃತೇಶಣ್ಣ, ಇನ್ಮೇಲೆ ನಂಗೆ ಬಣ್ಣದ ಸಹವಾಸ ಬೇಡ" ಎಂದಾಗ, ಯಾವುದೋ ಮಠ ಸೇರಲು ಹೊರಟಿದ್ದಾನೆ ಎಂದೇ ನಾನು ತಿಳಿದೆ.

ವಿಷಯ ಅದಕ್ಕಿಂತ ಗಂಭೀರವಾಗಿತ್ತು. ಮೈಸೂರಿನಲ್ಲಿ ಕಿರುಚಿತ್ರ ಸ್ಪರ್ಧೆಯಂತೆ. ರುದ್ರೇಶ ಅದಕ್ಕೊಂದು ಚಿತ್ರ ತೆಗೆಯುತ್ತಾನಂತೆ.

"ನ್ವಾರ್ ಅಂತ ಒಂದು ಶೈಲಿ ಇದೆ ಅಣ್ಣ. ಎಲ್ಲಾ ಕಪ್ಪು ಬಿಳುಪು. ಬೆಳಕಿಗಿಂತ ನೆರಳೇ ಜಾಸ್ತಿ. ಕಿಟಕಿ ಪಟ್ಟಿ ಸಂದಿಯಿಂದ ಬೆಳಕು ಗೆರೆಗೆರೆಯಾಗಿ ಬೀಳ್ಬೇಕು, ಹೊಗೆ ಸುತ್ತಾಡ್ಬೇಕು, ಮಧ್ಯದಲ್ಲಿ ಒಬ್ಬ ಮನುಷ್ಯ ಕೂತಿರ್ಬೇಕು. ಅವನು ಒಳ್ಳೆಯವನೋ ಕೆಟ್ಟವನೋ ಗೊತ್ತೇ ಆಗ್ಬಾರ್ದು."

"ನಮ್ಮ ತಾಲ್ಲೂಕಲ್ಲಿ ಬಣ್ಣದಲ್ಲಿ ತೆಗೆದ್ರೂ ಅದು ಗೊತ್ತಾಗಲ್ಲವಲ್ಲೋ" ಎಂದೆ.

ಕಲೆಯ ವಿಷಯದಲ್ಲಿ ನನ್ನ ತಿಳಿವಳಿಕೆ ಎಷ್ಟೆಂದು ಅವನಿಗೆ ಆ ಕ್ಷಣದಲ್ಲೇ ಅರ್ಥವಾಯಿತು. ಆದರೂ ದೀಪದ ಮುಂದೆ ರಟ್ಟು ಹಿಡಿದುಕೊಂಡು ನಿಲ್ಲುವ ಕೆಲಸ ನನಗೇ ವಹಿಸಿದ. ಅದಕ್ಕೆ ತಿಳಿವಳಿಕೆ ಬೇಕಿಲ್ಲವಂತೆ.

ಆ ಒಳ್ಳೆಯವನೋ ಕೆಟ್ಟವನೋ ತಿಳಿಯದ ಮನುಷ್ಯನ ಪಾತ್ರಕ್ಕೆ ರುದ್ರೇಶ ಆರಿಸಿದ್ದು ತನಗೆ ಹೆಣ್ಣು ಕೊಟ್ಟ ಮಾವ ಕಲ್ಲಯ್ಯನವರನ್ನು. ಕಲ್ಲಯ್ಯನವರದು ಚಿಕ್ಕಯ್ಯನಛತ್ರದ ಕಡೆಯ ಒಂದು ಹಳ್ಳಿ. ದಪ್ಪ ಮೀಸೆ, ಕಂಚಿನಂಥ ಕಂಠ. ಜೀವನದಲ್ಲಿ ಅವರಿಗೆ ಉಳಿದಿದ್ದ ಆಸೆ ಒಂದೇ, ಊರ ಹಾಲಿನ ಡೈರಿಯ ಅಧ್ಯಕ್ಷರಾಗುವುದು. ಆ ಕುರ್ಚಿಯಲ್ಲಿ ಮರಿಸ್ವಾಮಿ ಎಂಬವನು ಅಂಟು ಹಾಕಿಕೊಂಡು ಕೂತಿದ್ದ. ಕಲ್ಲಯ್ಯನವರು ನಿಂತಾಗಲೆಲ್ಲ ಒಂದೇ ಒಂದು ವೋಟಿನಲ್ಲಿ ಸೋಲುತ್ತಿದ್ದರು. ಆ ಒಂದು ವೋಟು ಯಾರದೆಂದು ಯೋಚಿಸಿ ಯೋಚಿಸಿ ಅವರ ತಲೆಯ ಕೂದಲೆಲ್ಲ ಉದುರಿಹೋಗಿತ್ತು. ಈಗ ಮತ್ತೆ ಚುನಾವಣೆ ಬಂದಿತ್ತು. ಈ ಸಲವೂ ಸೋತರೆ ಆ ಊರಿನ ಹಾಲು ಕುಡಿಯುವುದಿಲ್ಲ, ಕಪ್ಪು ಟೀಯಲ್ಲೇ ಉಳಿದ ಆಯಸ್ಸು ಕಳೆಯುತ್ತೇನೆ ಎಂದು ಹೆಂಡತಿ ಮಂಗಳಮ್ಮನವರ ಎದುರಿಗೆ ಶಪಥ ಮಾಡಿದ್ದರು.

ಸೋಮವಾರ ಚುನಾವಣೆ. ರುದ್ರೇಶ ಚಿತ್ರೀಕರಣಕ್ಕೆ ಕರೆದದ್ದು ಭಾನುವಾರ.

"ನವಾರ ಅಂದ್ರೆ ಮಂಚಕ್ಕೆ ಬಿಗಿಯೋದಲ್ವೇನಪ್ಪ ಅಳೀಮಯ್ಯ? ಅದ್ರ ಮೇಲೆ ಏನ್ ಪಿಚ್ಚರ್ ತೆಗೀತೀಯಾ?" ಎಂದು ಕಲ್ಲಯ್ಯನವರು ಮೊದಲು ಒಪ್ಪಿರಲಿಲ್ಲ.

"ನವಾರ ಅಲ್ಲ ಮಾವ, ನ್ವಾರ್. ನಿಮ್ಮ ಫೋಟೊ ಇಡೀ ಹೋಬಳಿಯ ಫೋನಲ್ಲಿ ಓಡಾಡುತ್ತೆ, ಅದೂ ಚುನಾವಣೆ ಹಿಂದಿನ ದಿನ."

ಕಲ್ಲಯ್ಯನವರ ಮೀಸೆ ನೆಟ್ಟಗಾಯಿತು. "ಅಂಗಾದ್ರೆ ಖಡಕ್ಕಾಗಿ ಒಂದು ಆಕು. ನೋಡ್ದೋರಿಗೆ ಬಾಯಿ ಕಟ್ಟೋಗ್ಬೇಕು."

ಮಾವನ ಈ ಅಪ್ಪಣೆಯನ್ನು ಅಳಿಯ ಎಷ್ಟು ಚೆನ್ನಾಗಿ ನೆರವೇರಿಸಿದ ಎಂಬುದೇ ಮುಂದಿನ ಕಥೆ.

ಭಾನುವಾರ ಕಲ್ಲಯ್ಯನವರು ತಮ್ಮ ಮನೆಯ ತೇಗದ ಕೈಕುರ್ಚಿಯ ಸಮೇತ ಬಂದಿಳಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನ್ವಾರ್ ಬರುವುದಿಲ್ಲ ಎಂದು ರುದ್ರೇಶ ಹೇಳಿದ್ದ. ಮಗಳ ಮನೆಯಲ್ಲಿ ಒಂದು ರಾತ್ರಿ ಉಳಿದ ಹಾಗಾಯಿತೆಂದು ಮಂಗಳಮ್ಮನವರೂ ಊರ ಮನೆಗೆ ಬೀಗ ಹಾಕಿಕೊಂಡು ಜೊತೆಗೆ ಬಂದರು. ಸ್ಟುಡಿಯೊದ ಹಿಂದಿನ ಕೋಣೆಗೆ ಕಪ್ಪು ಬಟ್ಟೆ ಹೊದಿಸಿದೆವು. ಪಟ್ಟಿ ಕಿಟಕಿ ಇರಲಿಲ್ಲವಾದ್ದರಿಂದ ಫ್ರಿಜ್ ಬಂದ ರಟ್ಟಿನ ಡಬ್ಬವನ್ನು ಬಿಚ್ಚಿ, ಬ್ಲೇಡಿನಲ್ಲಿ ಉದ್ದುದ್ದ ಸೀಳಿ, ದೀಪದ ಮುಂದೆ ನಾನು ಹಿಡಿದೆ. ಕಲ್ಲಯ್ಯನವರು ಬೀಡಿ ಸಿಗರೇಟು ಮುಟ್ಟುವವರಲ್ಲ. ಆದ್ದರಿಂದ ಹೊಗೆಗೆಂದು ಕುರ್ಚಿಯ ಹಿಂದೆ ಒಂದು ಕಟ್ಟು ಊದುಕಡ್ಡಿ ಹಚ್ಚಿಟ್ಟೆವು.

"ವಿಭೂತಿ ಒರೆಸ್ಕೊಳಿ ಮಾವ. ಪಾತ್ರ ಸ್ವಲ್ಪ ರಫ್ ಇದೆ."

"ನಲವತ್ತು ವರ್ಷದಿಂದ ನಾನೇ ನೋಡಿಲ್ಲ ಬೋಳು ಅಣೇನ" ಎಂದು ಮಂಗಳಮ್ಮನವರು ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಕಷ್ಟ ಶುರುವಾದದ್ದು ಆಮೇಲೆ. ಕಲ್ಲಯ್ಯನವರಿಗೆ ಅಲುಗಾಡದೆ ಕೂರಲು ಬರುವುದಿಲ್ಲ. ರುದ್ರೇಶ ಆಕ್ಷನ್ ಎಂದರೆ ಅವರು ಕೆಮ್ಮುವರು. ಮತ್ತೊಮ್ಮೆ ಎಂದರೆ ಬೆನ್ನು ತುರಿಸಿಕೊಳ್ಳುವರು. ನಡುವೆ ಅವರ ಫೋನು ಬಡಿದುಕೊಂಡಿತು. ರುದ್ರೇಶ ಅದನ್ನು ಕಿತ್ತುಕೊಂಡು, ಸ್ವಿಚ್ ಆಫ್ ಮಾಡಿ, ಕ್ಯಾಮೆರಾ ಬ್ಯಾಗಿನೊಳಗೆ ತುರುಕಿದ. ಅದು ಅಲ್ಲೇ ಉಳಿಯಿತು. ಮಧ್ಯಾಹ್ನ ಕಳೆಯಿತು, ಊದುಕಡ್ಡಿ ಕಟ್ಟು ಖಾಲಿಯಾಯಿತು, ಇನ್ನೊಂದು ಕಟ್ಟು ತಂದೆವು. ನನ್ನ ತೋಳು ಸೋತು ರಟ್ಟು ನಿಧಾನವಾಗಿ ಕೆಳಗಿಳಿಯತೊಡಗಿತು. ಅದೇ ಹೊತ್ತಿಗೆ ಕಲ್ಲಯ್ಯನವರು ಕುರ್ಚಿಗೊರಗಿ ನಿದ್ದೆ ಹೋದರು.

"ಅಣ್ಣಾ, ಅಲ್ಲಾಡ್ಬೇಡ!" ಎಂದು ರುದ್ರೇಶ ಪಿಸುಗುಟ್ಟಿದ.

ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ನಿಜಕ್ಕೂ ಅದ್ಭುತ. ಸುತ್ತ ಕಾಡಿಗೆಯಂಥ ಕತ್ತಲೆ. ಅದರ ನಡುವೆ ನೆಟ್ಟಗೆ ಕೂತ ಮನುಷ್ಯ, ಮುಚ್ಚಿದ ಕಣ್ಣು, ಸುತ್ತ ಹೊಗೆ. ಬೋಳು ಹಣೆಯ ಮೇಲೆ ರಟ್ಟಿನ ಸೀಳಿನಿಂದ ಬಿದ್ದ ಬೆಳಕು, ಅಡ್ಡಡ್ಡವಾಗಿ ಬೆಳ್ಳನೆಯ ಮೂರು ಗೆರೆ. ರುದ್ರೇಶ ಅದರದೊಂದು ಫೋಟೊ ತೆಗೆದು, ಸಂಜೆಯೊಳಗೆ ಪೋಸ್ಟರ್ ಮಾಡಿ, ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಯೇ ಬಿಟ್ಟ. ಮೇಲೆ ಚಿತ್ರದ ಹೆಸರು, "ಮರೆಯಾದ ನೆರಳು." ನಡುವೆ, "ಶ್ರೀ ಕಲ್ಲಯ್ಯನವರು." ಕೆಳಗೆ, "ಅತಿ ಶೀಘ್ರದಲ್ಲಿ ನಿಮ್ಮ ಮುಂದೆ."

ಈಗ ಆ ಚಿತ್ರವನ್ನು ಊರಿನವರ ಕಣ್ಣಿನಿಂದ ನೋಡಿ. ನಮ್ಮ ಕಡೆ ಬದುಕಿರುವವರ ಫೋಟೊ ಎಂದಾದರೂ ಕಪ್ಪು ಬಿಳುಪಿನಲ್ಲಿ ಬಂದದ್ದುಂಟೆ? ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಅಂಗಿ ಗುಲಾಬಿ, ಹಿನ್ನೆಲೆ ಹಳದಿ, ಮುಖ ಕೇಸರಿ. ಬಣ್ಣ ಹೋಯಿತೆಂದರೆ ಮನುಷ್ಯ ಹೋದನೆಂದೇ ಲೆಕ್ಕ. ಸಾಲದ್ದಕ್ಕೆ ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಹಣೆ ತುಂಬ ವಿಭೂತಿ ಬಳಿದು, ನೆಟ್ಟಗೆ ಕೂರಿಸಿ, ಊದುಕಡ್ಡಿ ಹಚ್ಚಿಡುತ್ತೇವೆ. ರುದ್ರೇಶ ನನ್ನ ಕೈಯಲ್ಲಿ ರಟ್ಟು ಹಿಡಿಸಿ, ಎರಡು ಕಟ್ಟು ಊದುಕಡ್ಡಿ ಸುಟ್ಟು, ಇಡೀ ದಿನ ಬೆವರು ಸುರಿಸಿ ತೆಗೆದದ್ದು ಅಚ್ಚುಕಟ್ಟಾದ ಒಂದು ಹೆಣದ ಫೋಟೊ. ಅವನೂ ಲಿಂಗಾಯತನೇ, ನಾನೂ ಲಿಂಗಾಯತನೇ. ಕಲೆ ಒಮ್ಮೆ ತಲೆಗೇರಿದರೆ ಕಣ್ಣು ಇದ್ದೂ ಕಾಣುವುದಿಲ್ಲ.

ಸೋಮವಾರ ಬೆಳಗ್ಗೆ ರುದ್ರೇಶ ಫೋನು ಹಿಡಿದುಕೊಂಡು ಓಡಿಬಂದ. "ನೋಡಣ್ಣ, ಎಲ್ಲರೂ ಕೈ ಜೋಡಿಸಿದ ಚಿತ್ರ ಕಳಿಸಿದ್ದಾರೆ! ಒಬ್ರಂತೂ 'ಭಾವಪೂರ್ಣ' ಅಂತ ಬರೆದಿದ್ದಾರೆ!"

ಭಾವಪೂರ್ಣ ಎಂಬುದರ ಮುಂದೆ ಇನ್ನೂ ಏನೋ ಇತ್ತು. ಪರದೆ ಚಿಕ್ಕದಾದ್ದರಿಂದ ಕಾಣಲಿಲ್ಲ. ಒತ್ತಿ ನೋಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕವಲಂದೆಯಿಂದ ಕಲ್ಲಯ್ಯನವರ ಅಕ್ಕ ಸಣ್ಣತಾಯಮ್ಮ. ರುದ್ರೇಶ ನನಗೂ ಹೊಗಳಿಕೆ ಕೇಳಿಸಲೆಂದು ಸ್ಪೀಕರ್ ಹಾಕಿದ.

"ಮೊಮ್ಮಗಳು ಫೋನಲ್ಲಿ ತೋರುಸ್ದಳು ಕಣಪ್ಪ" ಎಂದಿತು ಮೂಗು ಕಟ್ಟಿದ ದನಿ. ಅತ್ತೆಗೆ ನೆಗಡಿ ಎಂದುಕೊಂಡೆವು. "ಯಾವಾಗ ಆಯ್ತು?"

"ನೆನ್ನೆ ಸಾಯಂಕಾಲ ಮುಗೀತು ದೊಡ್ಡತ್ತೆ."

"ತುಂಬಾ ಒದ್ದಾಡ್ದನಾ?"

"ಅಯ್ಯೋ, ಬೆಳಗ್ಗೆಯಿಂದ ಒದ್ದಾಟವೇ! ಕೆಮ್ಮೋದು, ಎದ್ದೇಳೋದು. ನಮಗೂ ಸಾಕುಸಾಕಾಗೋಯ್ತು. ಕೊನೆಗೆ ಕೂತ ಕುರ್ಚೀಲೇ ಕಣ್ಣು ಮುಚ್ಚಿದ್ರು ನೋಡಿ, ಅಲ್ಲಿಗೆ ನಮ್ಮ ಕೆಲಸ ಸಲೀಸಾಯ್ತು."

ಅಳಿಯಂದಿರ ಜಾತಿಯ ಬಗ್ಗೆಯೇ ಆ ಹಿರಿಯ ಹೆಂಗಸಿಗೆ ಏನನ್ನಿಸಿತೋ.

"ಮುಂದಿಂದೆಲ್ಲಾ ಎಲ್ಲಿ?"

"ಹೊಳೆ ದಡದಲ್ಲಿ ಅಂದ್ಕೊಂಡಿದ್ದೀನಿ."

"ಅಷ್ಟಗಲ ಒಲ ಮಡಿಕೊಂಡು ಒಳೆ ದಡ ಯಾಕಪ್ಪಾ?"

"ಹೊಲದಲ್ಲಿ ಕರೆಂಟಿಲ್ಲ ಅತ್ತೆ. ಲೈಟ್ ಬೇಕಲ್ಲ."

"ಅವನಿಗಿನ್ಯಾತಕ್ಕಪ್ಪ ಲೈಟು!" ಎಂದು ಸಣ್ಣತಾಯಮ್ಮ ಗೋಳೋ ಎಂದರು.

"ಅದು ನಂಗೆ ಬಿಡಿ ಅತ್ತೆ, ಟೆಕ್ನಿಕಲ್ ವಿಷಯ. ಈಗ ಮಾವನ್ನ ಊರಿಗೆ ಕರ್ಕೊಂಡು ಹೊರಟಿದ್ದೀವಿ. ಮುಂದಿನ ಸೀಟಲ್ಲಿ ಕೂರಿಸಿ ಬೆಲ್ಟ್ ಬಿಗೀತೀವಿ. ಕುರ್ಚಿ ಗಾಡಿ ಮೇಲೆ ಕಟ್ಟಿದ್ದಾಗಿದೆ. ನೀವೂ ಬನ್ನಿ."

ಫೋನ್ ಇಟ್ಟ ಮೇಲೆ ರುದ್ರೇಶ ಕಣ್ಣೊರೆಸಿಕೊಂಡ. "ಹಳ್ಳಿಯೋರಿಗೆ ಕಲೆ ಅರ್ಥ ಆಗಲ್ಲ ಅಂತಾರಲ್ಲಣ್ಣ, ನೋಡು, ಆಯಮ್ಮ ಅತ್ತೇಬಿಟ್ಟರು."

ಇತ್ತ ನಾವು ಹೀಗೆ ಉಬ್ಬುತ್ತಿರುವಾಗ ಅತ್ತ ಊರಿನಲ್ಲಿ ಮರಿಸ್ವಾಮಿ ಕೆಲಸಕ್ಕಿಳಿದಿದ್ದ. ಕಲ್ಲಯ್ಯನವರ ನಂಬರಿಗೆ ಒಮ್ಮೆ ಫೋನ್ ಮಾಡಿದ, ಸ್ವಿಚ್ ಆಫ್. ಮನೆಗೆ ಹೋಗಿ ನೋಡಿದ, ಬೀಗ. ಇನ್ನೇನು ಸಾಕ್ಷಿ ಬೇಕು? "ಅತಿ ಶೀಘ್ರದಲ್ಲಿ ನಿಮ್ಮ ಮುಂದೆ ಅಂತ ಆಕವ್ರೆ. ಅಂದ್ರೆ ಪಾರ್ಥಿವ ಶರೀರ ಒಂಟದೆ ಅಂತ ಅರ್ಥ" ಎಂದು ಊರಿಗೆ ಬಿಡಿಸಿ ಹೇಳಿದ. ಮನೆಯವರಿಗೆ ಯಾರೂ ಫೋನ್ ಮಾಡಿ ನೋಯಿಸಬಾರದು, ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದ. ಡೈರಿ ಮುಂದೆ ಶಾಮಿಯಾನ ಎದ್ದಿತು. ಎದುರಾಳಿ ಇಲ್ಲದ ಚುನಾವಣೆಗಾಗಿ ಮನುಷ್ಯ ಇಷ್ಟು ಓಡಾಡಿದ್ದನ್ನು ಆ ಊರು ಹಿಂದೆ ಕಂಡಿರಲಿಲ್ಲ.

ನಂಜನಗೂಡಿನಿಂದ ಬಂದಿದ್ದ ಚುನಾವಣಾಧಿಕಾರಿ ಕಾಂತರಾಜು ನಿಯಮ ಬಲ್ಲ ಮನುಷ್ಯ. ಹೇಗೂ ವೋಟು ಹಾಕುವ ಡೈರಿ ನಿರ್ದೇಶಕರೆಲ್ಲ ಒಂದೇ ಕಡೆ ಸೇರಿದ್ದಾರೆ, ಮೊದಲು ಸಂತಾಪ, ಆಮೇಲೆ ಆಯ್ಕೆ, ಎರಡನ್ನೂ ಒಂದೇ ಸಭೆಯಲ್ಲಿ ಮುಗಿಸೋಣ ಎಂದುಬಿಟ್ಟರು. ಅವರಿಗೆ ಸಂಜೆಯ ಬಸ್ಸಿಗೆ ಹೋಗಬೇಕಿತ್ತು.

ನಾವು ರುದ್ರೇಶನ ಹಳೆಯ ಬಿಳಿ ಓಮ್ನಿಯಲ್ಲಿ ಹೊರಟೆವು. ಮೇಲೆ ಕಾಲು ಮೇಲಾಗಿ ಕಟ್ಟಿದ ಕುರ್ಚಿ. ಹಿಂದೆ ಮಂಗಳಮ್ಮ, ರುದ್ರೇಶನ ಹೆಂಡತಿ ಅರ್ಪಿತ, ಮಾವನ ವಿಜಯವನ್ನು ವಿಡಿಯೊ ಮಾಡಲೆಂದು ಕ್ಯಾಮೆರಾ ಹಿಡಿದ ನಾನು. ಮುಂದೆ ಕಲ್ಲಯ್ಯನವರು. ಅವರ ಪಕ್ಕದ ಕಿಟಕಿ ಗಾಜು ಮೇಲಕ್ಕೆ ಬರುತ್ತಿರಲಿಲ್ಲ. ಥಂಡಿಗಾಳಿ ಕಿವಿಗೆ ಹೋಗಿ ಭಾಷಣದ ಹೊತ್ತಿಗೆ ಗಂಟಲು ಕೆಡಬಾರದೆಂದು ಅವರು ಬಿಳಿ ಟವಲನ್ನು ತಲೆ ಮೇಲಿಂದ ತಂದು ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿಕೊಂಡಿದ್ದರು. ಆ ದಿನ ವಿಭೂತಿಯೂ ಸ್ವಲ್ಪ ಧಾರಾಳವಾಗಿತ್ತು. ಬೆಳಗಿನ ಇಡ್ಲಿ ಕೆಲಸ ಮಾಡಿ, ಅರ್ಧ ದಾರಿಗೇ ಬೆಲ್ಟಿಗೆ ಜೋತು ಬಿದ್ದು ನಿದ್ದೆ ಮಾಡಿದರು. ಚಹಾ ಅಂಗಡಿಗಳ ಮುಂದೆ ಜನ ಎದ್ದು ನಿಂತು ಕೈ ಮುಗಿಯುತ್ತಿದ್ದರು.

"ಅಪ್ಪಾಜಿಗೆ ಈ ಸಲ ಗಾಳಿ ಜೋರಾಗೇ ಬೀಸ್ತಿದೆ ಕಣ್ರೀ" ಎಂದಳು ಅರ್ಪಿತ.

ಡೈರಿ ಮುಂದೆ ಗಾಡಿ ನಿಂತಿತೋ ಇಲ್ಲವೋ, ಹೆಂಗಸರು ಹಿಂದಿನ ಬಾಗಿಲು ತೆರೆದು ಮಂಗಳಮ್ಮನವರನ್ನು ತಬ್ಬಿಕೊಂಡು ಅಳತೊಡಗಿದರು.

"ಯಾಕ್ರವ್ವಾ ಅಳ್ತೀರಿ? ಯಾರಿಗೇನಾಯ್ತು?" ಎಂದು ಮಂಗಳಮ್ಮನವರು ಗಾಬರಿಯಾದರು.

"ನಿಮ್ಮೆಜಮಾನ್ರು ಓಗ್ಬುಟ್ರಲ್ಲವ್ವಾ!"

"ಎಲ್ಲಿಗೋದಾರು? ಎಂಟು ಇಡ್ಲಿ ತಿಂದು ಮುಂದ್ಗಡೆ ಮಲಗವ್ರೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪಾಪ, ದುಃಖಕ್ಕೆ ತಲೆ ಕೆಟ್ಟೋಗದೆ" ಎಂದು ಇನ್ನೂ ಜೋರಾಗಿ ಅತ್ತರು.

ರುದ್ರೇಶನಿಗೆ ಆಗ ಹೊಳೆಯಿತು. ಶಾಮಿಯಾನದ ಕಂಬಕ್ಕೆ ಅವನ ಪೋಸ್ಟರೇ ಅಂಟಿತ್ತು. ಅದಕ್ಕೆ ಹಾರ ಬಿದ್ದಿತ್ತು. ಪಕ್ಕದಲ್ಲಿ, ಕೂತ ಹೆಣವನ್ನು ಹೊರುವ ಬಿದಿರಿನ ವಿಮಾನ ಅರ್ಧ ಸಿದ್ಧವಾಗಿ ನಿಂತಿತ್ತು. ಅವನ ಮುಖದ ಬಣ್ಣ ಇಳಿದು ಅವನೇ ಕಪ್ಪು ಬಿಳುಪಾದ. "ಅಮೃತೇಶಣ್ಣ, ಮಾವ ನನ್ನ ಸಾಯಿಸ್ತಾರೆ" ಎಂದು ನನ್ನ ಕೈ ಹಿಡಿದುಕೊಂಡ. ನಾನು ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡೆ. ರಟ್ಟು ಹಿಡಿದವನು ನಾನಲ್ಲವೇ.

ಅಷ್ಟರಲ್ಲಿ ಮೈಕು ಕಿರ್ರೆಂದಿತು. ಮರಿಸ್ವಾಮಿ ಎದ್ದುನಿಂತಿದ್ದ.

"ಕಲ್ಲಯ್ಯಣ್ಣಾ! ಇಂಗೆ ನಮ್ಮನ್ನ ಬುಟ್ಟು ಓಗ್ಬುಟ್ಟೆಯಲ್ಲಣ್ಣಾ!"

ಆ ಕಿರುಚಿಗೆ ಕಲ್ಲಯ್ಯನವರಿಗೆ ಎಚ್ಚರವಾಯಿತು. ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದರು. ಹಾರ ಕಂಡಿತು, ಪೋಸ್ಟರ್ ಕಂಡಿತು, ವಿಮಾನ ಕಂಡಿತು. ರುದ್ರೇಶ ಬಾಗಿ, "ಮಾವ, ತಪ್ಪಾಗೋಯ್ತು, ಈಗ್ಲೇ ಎಲ್ಲರಿಗೂ ಹೇಳ್ತೀನಿ" ಎಂದು ಬಾಗಿಲಿಗೆ ಕೈ ಹಾಕಿದ.

"ಸುಮ್ಕಿರ್ಲಾ" ಎಂದಿತು ಟವಲಿನೊಳಗಿನ ದನಿ, ತುಟಿ ಅಲುಗದಂತೆ. "ಅವನು ಮುಗಿಸ್ಲಿ."

ಮರಿಸ್ವಾಮಿ ಮುಗಿಸುವ ಲಕ್ಷಣ ಇರಲಿಲ್ಲ. ಸತ್ತವರನ್ನು ಹೊಗಳುವುದರಲ್ಲಿ ನಷ್ಟವೇನೂ ಇಲ್ಲವಾದ್ದರಿಂದ ಧಾರಾಳವಾಗಿ ಹೊಗಳುತ್ತಿದ್ದ. ಕಲ್ಲಯ್ಯಣ್ಣನ ಹಾಲಿಗೆ ಒಂದು ತೊಟ್ಟು ನೀರು ಬಿದ್ದದ್ದಿಲ್ಲ ಎಂದ. ಅಂಥ ಶುದ್ಧ ನಾಲಿಗೆಯ ಮನುಷ್ಯ ಹೋಬಳಿಯಲ್ಲೇ ಇಲ್ಲ ಎಂದ. ಜನ ಓಮ್ನಿಯ ಸುತ್ತ ಮುತ್ತಿಕೊಂಡು, "ಕೂತಂಗೇ ತಂದವ್ರೆ, ಎಷ್ಟು ಅಚ್ಚುಕಟ್ಟು" ಎಂದು ಮೆಚ್ಚಿಕೊಳ್ಳುತ್ತಿದ್ದರು. ಒಂದು ನೊಣ ಬಂದು ಕಲ್ಲಯ್ಯನವರ ಮೂಗಿನ ಮೇಲೆ ಕೂತಿತು. ಮೀಸೆ ಮೇಲೆ ನಡೆದು, ತುಟಿ ದಾಟಿ, ಮತ್ತೆ ಮೂಗಿಗೆ ಬಂದಿತು. ಹಿಂದಿನ ದಿನ ಊದುಕಡ್ಡಿ ಹೊಗೆಗೆ ಎಂಟು ದಿಕ್ಕಿಗೂ ಕೆಮ್ಮಿದ್ದ ಮನುಷ್ಯ ಕಲ್ಲಿನಂತೆ ಕೂತಿದ್ದರು. ಭಯದ ನಡುವೆಯೂ ರುದ್ರೇಶನೊಳಗಿನ ನಿರ್ದೇಶಕ ನನ್ನ ಭುಜ ತಿವಿದು, "ರೆಕಾರ್ಡ್ ಒತ್ತಣ್ಣ, ಇಂಥ ನಟನೆ ಮತ್ತೆ ಸಿಗಲ್ಲ" ಎಂದ.

ಮರಿಸ್ವಾಮಿಗೆ ತನ್ನ ಮಾತಿಗೆ ತನಗೇ ಅಳು ಬಂದಿತ್ತು. "ಈ ಅಧ್ಯಕ್ಷ ಕುರ್ಚಿ ನನ್ನದಲ್ಲ, ಕಲ್ಲಯ್ಯಣ್ಣನದು! ಅವನು ಬದುಕಿದ್ದಿದ್ರೆ ಈ ಸಭೇಲಿ ನಾನೇ ಎದ್ದು ನಿಂತು ಅವನ ಎಸರು ಏಳ್ತಿದ್ದೆ. ನಂಜುಂಡೇಶ್ವರನಾಣೆಗೂ ಏಳ್ತಿದ್ದೆ!"

ಓಮ್ನಿಯ ಬಾಗಿಲು ತೆರೆಯಿತು. ಕಲ್ಲಯ್ಯನವರು ಕೆಳಗಿಳಿದು, ಗಲ್ಲದ ಗಂಟು ಬಿಚ್ಚಿ, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ನನ್ನೆಸರು ಏಳು ಮತ್ತೆ, ಮರಿಸ್ವಾಮಿ."

ಶಾಮಿಯಾನದೊಳಗಿದ್ದ ಅರ್ಧ ಜನ ಹಿಂದಕ್ಕೆ ಓಡಿದರು, ಅರ್ಧ ಜನ ಓಡಲಾರದೆ ಅಲ್ಲೇ ಕೂತರು. ಮೊದಲು ಮುಂದೆ ಬಂದವರು ಸಣ್ಣತಾಯಮ್ಮ. ತಮ್ಮನ ಬೆನ್ನಿಗೆ ರಪ್ಪನೆ ಒಂದು ಗುದ್ದಿದರು. "ಬದ್ಕಿದ್ದೀಯೇನ್ಲಾ, ಪಾಪಿ ಮುಂಡೇದೆ!" ಎಂದು ಅವರ ಹೆಗಲಿಗೆ ಮುಖವಿಟ್ಟು ಅತ್ತರು. ಅಕ್ಕ ಇಷ್ಟು ಅಳಬಹುದೆಂದು ಕಲ್ಲಯ್ಯನವರು ಎಣಿಸಿರಲಿಲ್ಲ. "ಅಳಬ್ಯಾಡ ಸುಮ್ಕಿರಕ್ಕ, ಪಿಚ್ಚರ್‌ಗೆ ಕೂತಿದ್ದೆ ಅಷ್ಟೆ" ಎಂದು ಆಕೆಯ ತಲೆ ಸವರಿದರು. ಆ ಕ್ಷಣ ಮಾತ್ರ ಅವರು ಡೈರಿಯನ್ನು ಮರೆತಿದ್ದರು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮರೆಯದಿದ್ದವರು ಕಾಂತರಾಜು. ಕನ್ನಡಕ ಏರಿಸಿಕೊಂಡು, "ಹಾಗಾದ್ರೆ ಮೃತರು ಖುದ್ದಾಗಿ ಹಾಜರಿದ್ದಾರೆ ಅಂತ ಬರ್ಕೊಳ್ಳಲಾ?" ಎಂದು ಕೇಳಿದರು. "ಮರಿಸ್ವಾಮಿಯವರೇ, ತಾವು ಸೂಚಕರು ತಾನೆ? ಸಭೆಯಲ್ಲೇ ಹೇಳಿದ್ದೀರಿ."

"ಸಾ, ಅದು ಅವ್ರು ಸತ್ತೋಗವ್ರೆ ಅಂತ..."

"ಬದುಕಿದ್ದಿದ್ರೆ ಅಂದ್ರಿ. ಬದುಕಿದ್ದಾರೆ. ನೋಡಿ, ನಿಂತಿದ್ದಾರೆ."

ಮರಿಸ್ವಾಮಿ ಸುತ್ತ ನೋಡಿದ. ಎಲ್ಲಿ ನೋಡಿದರೂ ಆಣೆ ಕೇಳಿಸಿಕೊಂಡ ಕಿವಿಗಳೇ. ನಂಜುಂಡೇಶ್ವರನ ಹೆಸರಿನಲ್ಲಿ ಸುಳ್ಳಾಡಿ, ಆಮೇಲೆ ನಂಜನಗೂಡಿನ ಮೇಲೆ ಬಸ್ಸಿನಲ್ಲಿ ಹೋಗುವ ಧೈರ್ಯ ಆ ಸೀಮೆಯಲ್ಲಿ ಯಾರಿಗೂ ಇಲ್ಲ. ಅವನ ಕೈ ನಿಧಾನವಾಗಿ ಮೇಲಕ್ಕೆ ಹೋಯಿತು. ಹಿಂದೆಯೇ ಉಳಿದ ನಿರ್ದೇಶಕರ ಕೈಗಳೂ ಎದ್ದವು. ಹೆಣಕ್ಕೆಂದು ತಂದಿದ್ದ ಆಳುದ್ದದ ಹಾರವನ್ನು ಮರಿಸ್ವಾಮಿಯೇ ಅಧ್ಯಕ್ಷರ ಕೊರಳಿಗೆ ಹಾಕಿದ. ಓಮ್ನಿಯ ಮೇಲಿನ ತೇಗದ ಕುರ್ಚಿ ಬಿಚ್ಚಿ ತಂದು ಅವರನ್ನು ಕೂರಿಸಿದರು.

ಕಲ್ಲಯ್ಯನವರ ಮೊದಲ ಅಧ್ಯಕ್ಷೀಯ ಭಾಷಣ ಚುಟುಕಾಗಿತ್ತು. ವಿಮಾನದ ಕಡೆ ಬೊಟ್ಟು ಮಾಡಿ, "ಈ ಬಿದಿರು ನನ್ನ ಮೆಳೇಲಿ ಕಡ್ದಿರೋ ಅಂಗದೆ. ಯಾರ್ಲಾ ಕಡ್ದೋರು?" ಎಂದರು.

ಅಳಿಯನಿಗೆ ಬೈಗುಳ ಬೀಳಲಿಲ್ಲ. "ಇನ್ಮೇಲೆ ನಂದೇನ್ ತೆಗುದ್ರೂ ಕಲರ್‌ನಲ್ಲಿ ತೆಗಿ" ಎಂದಷ್ಟೇ ಹೇಳಿದರು. ನಾಯಕನೇ ಹೀಗೆ ಕೈಕೊಟ್ಟ ಮೇಲೆ ಮರೆಯಾದ ನೆರಳು ಅಲ್ಲಿಗೇ ಮರೆಯಾಯಿತು. ರುದ್ರೇಶ ಛಲ ಬಿಡದೆ ಸ್ಟುಡಿಯೊ ಮುಂದೆ ದೊಡ್ಡದಾಗಿ "ಇಲ್ಲಿ ನ್ವಾರ್ ಮಾಡಿಕೊಡಲಾಗುವುದು" ಎಂದು ಬೋರ್ಡ್ ಹಾಕಿದ. ಮರುದಿನವೇ ಒಬ್ಬರು ಆಟೊದಲ್ಲಿ ಮಂಚ ಹೇರಿಕೊಂಡು ಬಂದರು.

ಮೊನ್ನೆ ಮಧ್ಯಾಹ್ನ ಸ್ಟುಡಿಯೊ ಮುಂದೆ ಒಂದು ಮೋಟಾರ್ ಸೈಕಲ್ ನಿಂತಿತು. ಇಳಿದವನು ಮರಿಸ್ವಾಮಿ. ಮುಂದಿನ ಚುನಾವಣೆ ಇನ್ನೂ ಬಹಳ ದೂರವಿದೆ, ಜಗಳಕ್ಕೇ ಬಂದಿರಬೇಕು ಎಂದುಕೊಂಡು ನಾನು ಅರ್ಧ ಷಟರ್ ಎಳೆದೆ. ಅವನು ಸೀದಾ ಹಿಂದಿನ ಕೋಣೆಗೆ ಹೋಗಿ, ಕುರ್ಚಿ ಎಳೆದುಕೊಂಡು ನೆಟ್ಟಗೆ ಕೂತು, ಕಣ್ಣು ಮುಚ್ಚಿದ.

"ಕಲ್ಲಯ್ಯಣ್ಣಂಗೆ ಮಾಡಿದ್ಯಲ್ಲ, ಅದೇ ಥರ ನಂಗೂ ಒಂದು ಮಾಡಪ್ಪ. ಈ ಸಲ ಮೈಕ್ ಮುಂದೆ ಅವನು ನಿಂತು ಅಳ್ಲಿ. ಗೆರೆ ಮೂರೂ ಅಣೆ ಮೇಲೇ ಬೀಳ್ಬೇಕು. ಫೋನು ಮನೇಲೇ ಸ್ವಿಚ್ ಆಫ್ ಮಾಡಿ ಬಂದಿವ್ನಿ."